ಯಾವ ಜ್ಯೂಸರ್ ತಗೊಳ್ಳಲಿ? ರಸ, ರಿಪೇರಿ, ವಾರಂಟಿ ಮೂರನ್ನೂ ತೂಗಿ ನೋಡೋಣ

ಯುಗಾದಿ ದಾಟಿ ಕಲಬುರಗಿಯಲ್ಲಿ ಬಿಸಿಲು 40 ಡಿಗ್ರಿ ಮೇಲೆ ಹೋಯಿತು ಅಂದರೆ ನನಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಜ್ಯೂಸರ್ ತಗೋಬೇಕಂತ ಮಾಡೀನ್ರಿ, ಯಾವುದು ಛಲೋ ಅದ ಹೇಳ್ರಿ." ಈ ಸಲ ಕೇಳಿದವರಲ್ಲಿ ಒಬ್ಬರ ಮನೆಯಲ್ಲಿ ಶುಗರ್ ಇರುವ ಅವ್ವ ಇದ್ದಾರೆ. ಇನ್ನೊಬ್ಬರಿಗೆ ಎರಡು ವರ್ಷದ ಮಗು. ಮತ್ತೊಬ್ಬರು ಯಾದಗಿರಿಯಲ್ಲಿ ಸಣ್ಣ ಜ್ಯೂಸ್ ಅಂಗಡಿ ಹಾಕಬೇಕು ಅಂತಿದ್ದಾರೆ. ಮೂವರಿಗೂ ಒಂದೇ ಮಷಿನ್ ಹೇಳಲು ಆಗುವುದಿಲ್ಲ, ಅಲ್ವಾ? ಅದಕ್ಕೇ ಸ್ವಲ್ಪ ಉದ್ದವಾದರೂ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಯದೇ ಹೇಳಿಬಿಡುತ್ತೇನೆ. ನಾಲ್ಕು ವರ್ಷದ ಹಿಂದೆ 4,800 ರೂಪಾಯಿ ಕೊಟ್ಟು ಒಂದು ಜ್ಯೂಸರ್ ತಂದೆವು. ಎರಡು ವರ್ಷ ವಾರಂಟಿ ಇತ್ತು. ಹದಿನಾಲ್ಕನೇ ತಿಂಗಳಿಗೆ ಮೋಟರ್ ತಿರುಗುತ್ತದೆ, ಮೇಲಿನ ಜಾಲರಿ ತಿರುಗುವುದಿಲ್ಲ. ವಾರಂಟಿ ಇನ್ನೂ ಹತ್ತು ತಿಂಗಳು ಇದೆಯಲ್ಲ ಅಂತ ಧೈರ್ಯವಾಗಿ ಅಡುಗೆಮನೆ ಕಪಾಟಿನಿಂದ ಬಿಲ್ ತೆಗೆದೆ. ಬಿಳಿ ಕಾಗದ! ಒಲೆಯ ಶಾಖಕ್ಕೆ ಅಕ್ಷರ ಎಲ್ಲಾ ಹಾರಿಹೋಗಿತ್ತು. ಅಂಗಡಿಯವರು ಒತ್ತಿದ್ದ ನೀಲಿ ಮುದ್ರೆ ಮಾತ್ರ ಹಾಗೇ ಉಳಿದಿತ್ತು. ವಾರಂಟಿ ಕಾರ್ಡ್ ನೋಡಿದರೆ ಅದರಲ್ಲಿ ತಾರೀಖು ಬರೆದೇ ಇರಲಿಲ್ಲ. ಕಂಪನಿಗೆ ಫೋನ್ ಮಾಡಿದಾಗ ಹತ್ತಿರದ ಸರ್ವಿಸ್ ಸೆಂಟರ್ ಹೈದರಾಬಾದಿನಲ್ಲಿದೆ, ಕೊರಿಯರ್ ಖರ್ಚು ನಿಮ್ಮದೇ ಅಂದರು. ಕಡೆಗೆ ನಮ್ಮ ಓಣಿಯ ರಿಪೇರಿ ಅಣ್ಣ ಅಡಿಯಲ್ಲಿದ್ದ ಸವೆದ ರಬ್ಬರ್ ಬಿಲ್ಲೆ ತೋರಿಸಿದರು. "ಇದು ಹೋಗ್ಯದ ನೋಡ್ರಿ, ಮೋಟರ್ ಛಲೋ ಅದ" ಅಂತ ಹೇಳಿ ಹೊಸದು ಹಾಕಿ 120 ರೂಪಾಯಿ ತಗೊಂಡರು.

ಅವತ್ತಿನಿಂದ ನಾನು ಯಾರಿಗೂ ಮೊದಲು ಮೋಟರ್ ಎಷ್ಟು ವ್ಯಾಟಿನದು, ಬೆಲೆ ಎಷ್ಟು ಅಂತ ಕೇಳುವುದಿಲ್ಲ. ಕುಡಿಯುವವರು ಯಾರು? ಕೆಟ್ಟರೆ ನಿಮ್ಮ ಊರಲ್ಲಿ ರಿಪೇರಿ ಮಾಡುವವರು ಯಾರು? ಈ ಎರಡಕ್ಕೆ ಉತ್ತರ ಸಿಕ್ಕಿದರೆ ಅರ್ಧ ಮಷಿನ್‌ಗಳು ಪಟ್ಟಿಯಿಂದ ತಾನೇ ಹೊರಗೆ ಹೋಗುತ್ತವೆ. ಆಮೇಲೆ ಯಾವ ಹಣ್ಣು ಜಾಸ್ತಿ ಬಳಸುತ್ತೀರಿ, ತೊಳೆಯುವವರು ಯಾರು, ಬಜೆಟ್ ಎಷ್ಟು ಅಂತ ನೋಡಿದರೆ ಸಾಕು.

ಕುಡಿಯುವವರು ಯಾರು?

ಹಣ್ಣಿನ ರಸ ಕೆಟ್ಟದ್ದಲ್ಲ. ಕಿತ್ತಳೆ, ಮೋಸಂಬಿ ರಸದಲ್ಲಿ ವಿಟಮಿನ್ ಸಿ ಇದೆ, ಪೊಟ್ಯಾಸಿಯಂ ಇದೆ, ಬಿಸಿಲಲ್ಲಿ ಬೇಕಾದ ನೀರೂ ಇದೆ. ಆದರೆ ರಸ ಅಂದರೆ ಹಣ್ಣಲ್ಲ. ಮೂರು ಮೋಸಂಬಿ ಬಿಡಿಸಿ ಕೈಯಲ್ಲಿ ಕೊಟ್ಟರೆ ಎರಡನೆಯದು ಮುಗಿಯುವಷ್ಟರಲ್ಲಿ ನಮ್ಮ ಅವ್ವ "ಸಾಕು" ಅಂತಾರೆ. ಅದೇ ಮೂರು ಹಣ್ಣು ಹಿಂಡಿ ಕೊಟ್ಟರೆ ಒಂದು ಲೋಟ, ಎರಡೇ ನಿಮಿಷ. ನಾರೆಲ್ಲಾ ಜಾಲರಿಯಲ್ಲಿ ಉಳಿಯಿತು, ಸಕ್ಕರೆ ಮಾತ್ರ ಲೋಟಕ್ಕೆ ಬಂತು.

ಲೆಕ್ಕ ಹೇಳುತ್ತೇನೆ. 100 ಮಿಲಿ ಕಿತ್ತಳೆ ರಸದಲ್ಲಿ ಸುಮಾರು 8ರಿಂದ 9 ಗ್ರಾಂ ಸಕ್ಕರೆ ಇರುತ್ತದೆ. 200 ಮಿಲಿಯ ಒಂದು ಲೋಟಕ್ಕೆ ನಾಲ್ಕು ಚಮಚದಷ್ಟು ಆಯಿತು. ಮೇಲಿಂದ ನೀವು ಒಂದು ಕಾಳೂ ಹಾಕಿಲ್ಲ, ಆದರೂ! ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಜ್ಯೂಸ್‌ನೊಳಗಿನ ಸಕ್ಕರೆಯನ್ನೂ ನಾವು ಮಿತಿಯಲ್ಲಿಡಬೇಕಾದ ಸಕ್ಕರೆಯ ಲೆಕ್ಕಕ್ಕೇ ಸೇರಿಸಿದೆ. ದಿನದ ಶಕ್ತಿಯಲ್ಲಿ ಶೇ 10ಕ್ಕಿಂತ ಕಡಿಮೆ ಇರಲಿ, ಶೇ 5ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಅನ್ನುತ್ತದೆ. ಶೇ 5 ಅಂದರೆ ದೊಡ್ಡವರಿಗೆ ಸುಮಾರು 25 ಗ್ರಾಂ. ಅಂದರೆ ಒಂದು ಲೋಟ ಜ್ಯೂಸ್ ಜೊತೆಗೆ ಸಕ್ಕರೆ ಹಾಕಿದ ಚಾ ಎರಡು ಸಲ ಕುಡಿದರೆ ಅವತ್ತಿನದು ಮುಗಿಯಿತು. ನಮ್ಮ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ 2024ರಲ್ಲಿ ಇದನ್ನೇ ಹೇಳಿದೆ, ಜ್ಯೂಸ್‌ಗಿಂತ ಇಡೀ ಹಣ್ಣು ಮೇಲು. ಕಬ್ಬಿನ ಹಾಲಿನಲ್ಲಿ 100 ಮಿಲಿಗೆ 13ರಿಂದ 15 ಗ್ರಾಂ ಸಕ್ಕರೆ ಇದೆ, ಕಡಿಮೆ ಕುಡಿಯಿರಿ ಅಂತ ಬೇರೆಯಾಗಿಯೇ ಎಚ್ಚರಿಸಿದೆ.

ಶುಗರ್ ಇರುವವರಿಗೆ ದಿನಾ ಜ್ಯೂಸ್ ಬೇಡವೇ ಬೇಡ. ಒಂದು ಸಮಯಕ್ಕೆ ಮಾತ್ರ ಅದೇ ರಸ ಔಷಧ. ಸಕ್ಕರೆ ತೀರಾ ಕೆಳಗಿಳಿದು ಕೈ ನಡುಗಿ ಬೆವರು ಬಂದಾಗ, ಎಚ್ಚರ ಇದ್ದು ನುಂಗಲು ಆಗುವಂತಿದ್ದರೆ, ಅರ್ಧ ಲೋಟಕ್ಕಿಂತ ಸ್ವಲ್ಪ ಜಾಸ್ತಿ, ಅಂದರೆ ಸುಮಾರು 120 ಮಿಲಿ ರಸ ಕೊಟ್ಟು 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಬೇಕು. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಜ್ಯೂಸ್ ಶುರು ಮಾಡಬಾರದು, ಪೊಟ್ಯಾಸಿಯಂ ಅವರಿಗೆ ಅಪಾಯ ತರಬಹುದು. ಮಕ್ಕಳ ವಿಷಯದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2017ರಲ್ಲಿ ಹೇಳಿದ್ದು ನೆನಪಿಡಲು ಸುಲಭ. ಒಂದು ವರ್ಷದೊಳಗೆ ಜ್ಯೂಸ್ ಕೊಡಲೇಬೇಡಿ, ಒಂದರಿಂದ ಮೂರು ವರ್ಷದವರೆಗೆ ದಿನಕ್ಕೆ ಹೆಚ್ಚೆಂದರೆ 120 ಮಿಲಿ. ಮಗು ಹಣ್ಣು ಕಚ್ಚಿ ತಿನ್ನುತ್ತಿದ್ದರೆ ಆ 120 ಮಿಲಿಯೂ ಬೇಕಾಗಿಲ್ಲ.

ಇಷ್ಟು ಓದಿ ಮಷಿನ್ನೇ ಬೇಡ ಅನ್ನಿಸಿದರೆ ದುಡ್ಡು ಉಳಿಯಿತು. ಪೇರಲ ಹೆಚ್ಚಿ ಉಪ್ಪು ಖಾರ ಹಾಕಿ ತಿನ್ನಿ, ಕಮಲಾಪುರದ ಕೆಂಪು ಬಾಳೆ ಸುಲಿದು ತಿನ್ನಿ, ಅವಕ್ಕೆ ಯಾವ ವಾರಂಟಿಯೂ ಬೇಡ.

ಕೈಯಿಂದ ಹಿಂಡುವುದು

ನಾನು ಬಹಳ ಜನರಿಗೆ ಹೇಳುವುದು ಇದನ್ನೇ. ಲಿಂಬಿ, ಮೋಸಂಬಿ, ಕಿತ್ತಳೆ ಬಿಟ್ಟು ಬೇರೆ ಹಣ್ಣಿನ ಜ್ಯೂಸ್ ನಿಮ್ಮ ಮನೆಯಲ್ಲಿ ಅಪರೂಪ ಅಂದರೆ ಕೈ ಪ್ರೆಸ್ ಸಾಕು. ಸಣ್ಣದು 150-500 ರೂಪಾಯಿಗೆ ಬರುತ್ತದೆ. ಹಿಡಿ ಎಳೆದು ಒತ್ತುವ ದೊಡ್ಡದಕ್ಕೆ ಸಾವಿರ, ಎರಡು ಸಾವಿರ ಆಗಬಹುದು. ಮೋಟರ್ ಇಲ್ಲ, ಕರೆಂಟ್ ಹೋದರೂ ಚಿಂತೆ ಇಲ್ಲ, ಕೆಟ್ಟರೆ ಒಂದು ನಟ್ಟು ಬೋಲ್ಟಿನ ಕೆಲಸ. ನಮ್ಮ ಮನೆಯದರಲ್ಲಿ ಅರ್ಧ ಹೋಳು ಮೋಸಂಬಿ ಕವುಚಿ ಇಟ್ಟು ಹಿಡಿ ಇಳಿಸಿದರೆ ಸಿಪ್ಪೆ ಟೋಪಿಯ ಹಾಗೆ ಚಪ್ಪಟೆಯಾಗಿ ಕೂರುತ್ತದೆ, ತಿರುಳಿನ ಚೂರು ರಸದ ಜೊತೆ ಕೆಳಗೆ ಇಳಿಯುತ್ತದೆ. ಆ ಚೂರನ್ನು ಸೋಸಿ ಚೆಲ್ಲಬೇಡಿ, ಇರುವ ಸ್ವಲ್ಪ ನಾರು ಅದೇ. ಸಿಪ್ಪೆಯನ್ನು ಮಾತ್ರ ತೀರಾ ಜೋರಾಗಿ ಒತ್ತಬಾರದು, ರಸ ಕಹಿಯಾಗುತ್ತದೆ.

ಸ್ಟೀಲಿನದು ಸಿಕ್ಕರೆ ಅದನ್ನೇ ತಗೊಳ್ಳಿ. ಅಲ್ಯೂಮಿನಿಯಂ ಆದರೆ ಹುಳಿ ರಸ ಅದರಲ್ಲೇ ನಿಲ್ಲಲು ಬಿಡಬೇಡಿ, ಹಿಂಡಿದ ಕೂಡಲೇ ಸುರಿದು ತೊಳೆಯಿರಿ. ಕೊರತೆ ಏನು ಅಂದರೆ ದಾಳಿಂಬೆ, ಗಜ್ಜರಿ, ಬೀಟ್‌ರೂಟ್ ಇದರಲ್ಲಿ ನಡೆಯುವುದಿಲ್ಲ, ಎಂಟು ಹತ್ತು ಜನ ಬಂದರೆ ತೋಳು ನೋಯುತ್ತದೆ. ಅದು ಬಿಟ್ಟರೆ ದೂರಿಲ್ಲ. ಪಕ್ಕದ ವಿಜಯಪುರ ಜಿಲ್ಲೆಯ ಇಂಡಿ ಲಿಂಬೆ ನಮ್ಮ ಸಂತೆಗೂ ಬರುತ್ತದೆ. ಒಂದು ಲಿಂಬಿ, ಚಿಟಿಕೆ ಉಪ್ಪು, ತಣ್ಣೀರು, ಸಕ್ಕರೆ ಇಲ್ಲ ಅಥವಾ ತೀರಾ ಕಡಿಮೆ. ಬಿಸಿಲಿಗೆ ಇದಕ್ಕಿಂತ ಛಲೋದು ನನಗೆ ಗೊತ್ತಿಲ್ಲ. ಊಟದಲ್ಲಿ ಪಲ್ಯದ ಮೇಲೆ ಲಿಂಬಿ ಹಿಂಡಿಕೊಂಡರೆ ಸೊಪ್ಪು ಕಾಳಿನಲ್ಲಿರುವ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳಿಗೆ ಇದು ಒಂದು ಲೋಟ ಜ್ಯೂಸ್‌ಗಿಂತ ಜಾಸ್ತಿ ಉಪಯೋಗ.

ಇದ್ದ ಮಿಕ್ಸರ್, ಇಲ್ಲವೇ ಜ್ಯೂಸರ್ ಜಾರ್ ಇರುವ ಮಿಕ್ಸರ್

ಮನೆಯಲ್ಲಿ ಮಿಕ್ಸರ್ ಹೇಗೂ ಇದೆ. ಕಲ್ಲಂಗಡಿ, ದಾಳಿಂಬೆ, ದ್ರಾಕ್ಷಿ ಎಲ್ಲಾ ಅದರಲ್ಲೇ ತಿರುವಿ ಕುಡಿಯಬಹುದು. ಸೋಸದೆ ಕುಡಿದರೆ ಹಣ್ಣಿನ ನಾರೂ ಹೊಟ್ಟೆಗೆ ಹೋಗುತ್ತದೆ, ಅದು ದೊಡ್ಡ ಲಾಭ. ಆದರೂ ಕಚ್ಚಿ ತಿಂದಷ್ಟು ಹೊಟ್ಟೆ ತುಂಬುವುದಿಲ್ಲ, ಅದಕ್ಕೆ ಅಳತೆ ಇರಲಿ. ಹೊಸದಾಗಿ ಜ್ಯೂಸರ್ ಜಾರ್ ಸೇರಿದ ಮಿಕ್ಸರ್ ತಗೊಂಡರೆ 3,000ದಿಂದ 6,000 ರೂಪಾಯಿ. ಚಟ್ನಿ, ಮಸಾಲೆಗೂ ಆಯಿತು, ಜ್ಯೂಸಿಗೂ ಆಯಿತು.

ಇದರ ಇನ್ನೊಂದು ಲಾಭ ರಿಪೇರಿ. ಮಿಕ್ಸರ್ ರಿಪೇರಿ ಮಾಡುವವರು ಕಲಬುರಗಿಯಲ್ಲಷ್ಟೇ ಅಲ್ಲ, ತಾಲ್ಲೂಕು ಊರುಗಳಲ್ಲೂ ಸಿಗುತ್ತಾರೆ. ಬುಶ್ (ಬ್ಲೇಡಿನ ಕಂಬಿ ತಿರುಗುವ ಸಣ್ಣ ಲೋಹದ ಕೊಳವೆ), ಬ್ಲೇಡ್, ವಾಷರ್ ಸುಲಭವಾಗಿ ಸಿಗುತ್ತವೆ. ಒಂದು ಮಾತು ಹೇಳಲೇಬೇಕು: ಮಿಕ್ಸರ್ ಧಿಡೀರ್ ಅಂತ ನಿಂತರೆ ಸರ್ವಿಸ್ ಸೆಂಟರ್‌ಗೆ ಓಡುವ ಮುಂಚೆ ಪ್ಲಗ್ ತೆಗೆದು, ಜಾರ್ ಇಳಿಸಿ, ತಲೆಕೆಳಗು ಮಾಡಿ ನೋಡಿ. ಬಹಳಷ್ಟು ಮಿಕ್ಸರ್‌ಗಳಲ್ಲಿ ಅಡಿಯಲ್ಲಿ ಒಂದು ಕೆಂಪು ಗುಂಡಿ ಇರುತ್ತದೆ. ಲೋಡ್ ಜಾಸ್ತಿಯಾದಾಗ ಮೋಟರ್ ಸುಡಬಾರದು ಅಂತ ಅದು ಹೊರಗೆ ಬರುತ್ತದೆ. ಹತ್ತು ನಿಮಿಷ ಆರಲು ಬಿಟ್ಟು ಒತ್ತಿದರೆ ಎಷ್ಟೋ ಸಲ ಮತ್ತೆ ಶುರುವಾಗುತ್ತದೆ. ಇದು ಗೊತ್ತಿಲ್ಲದೆ ಹೊತ್ತುಕೊಂಡು ಹೋದವರನ್ನು ನಾನೇ ನೋಡಿದ್ದೇನೆ.

ಜೋರಾಗಿ ತಿರುಗುವ ಜ್ಯೂಸರ್

ನಾವು ತಂದಿದ್ದು ಇದೇ. ಜಾಲರಿ ರಭಸದಿಂದ ತಿರುಗಿ ರಸ ಒಂದು ಕಡೆ, ಹಿಪ್ಪೆ ಒಂದು ಕಡೆ ಎಸೆಯುತ್ತದೆ. ಗಜ್ಜರಿ, ಸೇಬು ಬೇಗ ಆಗುತ್ತವೆ. ನೊರೆ ಜಾಸ್ತಿ, ಸದ್ದು ಜಾಸ್ತಿ, ಹಿಪ್ಪೆಯಲ್ಲಿ ರಸ ಇನ್ನೂ ಉಳಿದಿರುತ್ತದೆ. ಜಾಲರಿಯ ಸಣ್ಣ ತೂತುಗಳನ್ನು ಬ್ರಷ್ ಹಾಕಿ ತಿಕ್ಕಬೇಕು, ಒಣಗಲು ಬಿಟ್ಟರೆ ಕೆಲಸ ಮೂರು ಪಟ್ಟು. ಅದೇ ಜಾಲರಿ ಒಡೆದರೆ ಆ ಮಾಡೆಲಿನದೇ ಬೇಕು, ಬೇರೆಯದು ಕೂರುವುದಿಲ್ಲ. ಮಿಕ್ಸರ್ ಇರುವ ಮನೆಗೆ ಇದನ್ನು ಬೇರೆಯಾಗಿ ತಗೊಳ್ಳಿ ಅಂತ ನಾನು ಹೇಳುವುದಿಲ್ಲ.

ಕೋಲ್ಡ್ ಪ್ರೆಸ್

ಈಗ ಎಲ್ಲರ ಬಾಯಲ್ಲೂ ಇದೇ ಹೆಸರು. 8,000ದಿಂದ 20,000 ರೂಪಾಯಿ, ಅದರ ಮೇಲೂ ಇವೆ. ಒಂದು ದಪ್ಪ ಸ್ಕ್ರೂ ನಿಮಿಷಕ್ಕೆ ನೂರು ಸುತ್ತಿಗಿಂತಲೂ ನಿಧಾನ ತಿರುಗಿ ಹಣ್ಣನ್ನು ಅರೆದು ಹಿಂಡುತ್ತದೆ. ಸದ್ದು ಕಡಿಮೆ, ನೊರೆ ಕಡಿಮೆ, ಹಿಪ್ಪೆ ಒಣಗಿ ಬರುತ್ತದೆ. ದಾಳಿಂಬೆಗೆ, ಗಜ್ಜರಿಗೆ, ಸೊಪ್ಪಿಗೆ ನಿಜಕ್ಕೂ ಚೆನ್ನಾಗಿದೆ. ಆದರೆ ಕೋಲ್ಡ್ ಪ್ರೆಸ್ ಅಂದಮಾತ್ರಕ್ಕೆ ಸಕ್ಕರೆ ಕಡಿಮೆಯಾಗುವುದಿಲ್ಲ, ನಾರು ಇಲ್ಲೂ ಹಿಪ್ಪೆಗೇ ಹೋಗುತ್ತದೆ. ಹಿಂಡಿದ ಕೂಡಲೇ ಕುಡಿಯುವವರಿಗೆ ಪೋಷಕಾಂಶದ ವ್ಯತ್ಯಾಸಕ್ಕಾಗಿ ಹದಿನೈದು ಸಾವಿರ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಶುಗರ್ ಇರುವವರಿಗೆ "ಇದು ಹೆಲ್ದಿ" ಅಂತ ಮಾರುವುದಂತೂ ತಪ್ಪು.

ವಾರಂಟಿ ಹೆಚ್ಚು ಬಿಡಿಸಿ ಓದಬೇಕಾದದ್ದೂ ಇದರದೇ. ಡಬ್ಬಿಯ ಮೇಲೆ ದೊಡ್ಡದಾಗಿ ಹತ್ತು ವರ್ಷ ಅಂತ ಇರಬಹುದು. ಒಳಗಿನ ಕಾಗದ ನೋಡಿದರೆ ಆ ಹತ್ತು ವರ್ಷ ಮೋಟರ್‌ಗೆ ಮಾತ್ರ, ಉಳಿದದ್ದಕ್ಕೆ ಒಂದೋ ಎರಡೋ ವರ್ಷ. ಇಂಥ ಮಷಿನ್‌ನಲ್ಲಿ ಮೊದಲು ಹೋಗುವುದು ಮೋಟರ್ ಅಲ್ಲ, ಸ್ಕ್ರೂ, ಜಾಲರಿ, ರಬ್ಬರ್. ಕೊಳ್ಳುವ ಮುಂಚೆ ಕಂಪನಿಗೆ ಫೋನ್ ಮಾಡಿ, ಸ್ಕ್ರೂ ಎಷ್ಟು, ಜಾಲರಿ ಎಷ್ಟು, ಕಲಬುರಗಿ ಪಿನ್‌ಕೋಡ್‌ಗೆ ಮನೆಗೇ ಬಂದು ನೋಡುತ್ತಾರಾ ಅಂತ ಕೇಳಿ. ಉತ್ತರ ತಡವರಿಸಿದರೆ ಆ ಮಾಡೆಲ್ ಬಿಡಿ. ಗಟ್ಟಿ ಬೀಜ ತೆಗೆಯದೆ ಹಾಕಿ ಸ್ಕ್ರೂ ಮುರಿದರೆ ವಾರಂಟಿ ಸಿಗುವುದಿಲ್ಲ. ಕಬ್ಬು ಹಾಕಬೇಡಿ ಅಂತಲೂ ಬಹಳಷ್ಟು ಕೈಪಿಡಿಗಳಲ್ಲಿ ಬರೆದಿರುತ್ತದೆ.

ಹೊರಗೆ ಕುಡಿಯುವುದು, ಪ್ಯಾಕೆಟ್ ತರುವುದು

ತಿಂಗಳಿಗೆ ನಾಲ್ಕು ಲೋಟ ಮಾತ್ರ ಕುಡಿಯುವ ಮನೆಗೆ ಮಷಿನ್ ಲೆಕ್ಕ ಕೂಡುವುದಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆ ಕಡೆ ಹೋದಾಗ ಕಣ್ಣೆದುರೇ ಹಿಂಡಿಸಿ, "ಸಕ್ಕರಿ ಬ್ಯಾಡ್ರಿ, ಬರ್ಫ್ ಬ್ಯಾಡ್ರಿ" ಅಂತ ಹೇಳಿ ಕುಡಿಯಿರಿ. ಬರ್ಫ್ ಯಾವ ನೀರಿನದು ಅಂತ ನಮಗೆ ಗೊತ್ತಿರುವುದಿಲ್ಲ. ಪ್ಯಾಕೆಟ್ ಆದರೆ ಹಿಂಭಾಗ ಓದಿ. ಫ್ರೂಟ್ ಡ್ರಿಂಕ್ ಅಂತ ಮಾರಲು ಶೇ 10ರಷ್ಟು ಹಣ್ಣಿನ ಅಂಶ ಇದ್ದರೂ ನಡೆಯುತ್ತದೆ, ಉಳಿದದ್ದು ಬಹುತೇಕ ಸಕ್ಕರೆ ನೀರು. ಗಟ್ಟಿರಸಕ್ಕೆ ನೀರು ಸೇರಿಸಿ ತಯಾರಿಸಿದ ಜ್ಯೂಸ್ ಮೇಲೆ "100% ಹಣ್ಣಿನ ರಸ" ಅಂತ ಬರೆದಿದ್ದನ್ನು ತೆಗೆಯಬೇಕು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಜೂನ್‌ನಲ್ಲಿ ಕಂಪನಿಗಳಿಗೆ ಹೇಳಿದೆ. ಮನೆಯಲ್ಲಿ ಮಾಡಿದ್ದಾದರೂ ನಮ್ಮ ಬಿಸಿಲಿಗೆ ಹೊರಗೆ ಇಡಬೇಡಿ, ಕೂಡಲೇ ಕುಡಿಯಿರಿ.

ಮಧ್ಯೆ ಇದನ್ನೂ ಹೇಳಿಬಿಡುತ್ತೇನೆ. ತೂಕ ಇಳಿಸಲು ಹಸಿ ಸೋರೆಕಾಯಿ ರಸ ಕುಡಿಯುವವರು ಮೊದಲು ಒಂದು ಚೂರು ನಾಲಿಗೆಗೆ ಇಟ್ಟು ನೋಡಿ. ಕಹಿ ಇದ್ದರೆ ಪೂರ್ತಿ ಬಿಸಾಡಿ. ಆ ಕಹಿ ವಿಷ, ಜೀವಕ್ಕೇ ಬಂದದ್ದಿದೆ.

ಎಲ್ಲಿ ಕೊಳ್ಳುವುದು, ವಾರಂಟಿ ಹೇಗೆ ಕಾಯುವುದು

ಆನ್‌ಲೈನ್‌ನಲ್ಲಿ ಐನೂರು, ಸಾವಿರ ಕಡಿಮೆ ಸಿಗಬಹುದು, ಬಿಲ್ ಖಾತೆಯಲ್ಲೇ ಉಳಿಯುತ್ತದೆ. ವಾಪಸ್ ಮಾಡುವ ದಿನಗಳು ಮಾತ್ರ ಕಡಿಮೆ, ಬಂದ ದಿನವೇ ಬಳಸಿ ನೋಡಬೇಕು. ಊರ ಅಂಗಡಿಯಲ್ಲಿ ಸ್ವಲ್ಪ ಜಾಸ್ತಿ ಕೊಟ್ಟರೂ ಕೆಟ್ಟಾಗ ಹೋಗಿ ಮುಖ ನೋಡಿ ಕೇಳಬಹುದು. ಮದುವೆ ಸಾಮಾನಿನ ಜೊತೆ ಹೈದರಾಬಾದ್, ಸೊಲ್ಲಾಪುರದಿಂದ ತರುವವರೂ ಇದ್ದಾರೆ. ಆಗ ವಾರಂಟಿ ಕಂಪನಿಯದೋ, ಬರೀ ಅಂಗಡಿಯದೋ ಕೇಳಲೇಬೇಕು. ಅಂಗಡಿಯದಾದರೆ ಪ್ರತಿ ಸಲ ಅಲ್ಲಿಗೇ ಹೋಗಬೇಕು. ನನ್ನ ಅಭಿಪ್ರಾಯ, ಐದು ಸಾವಿರದೊಳಗಿನದು ಆದರೆ ಊರ ಅಂಗಡಿ, ಅದಕ್ಕಿಂತ ಮೇಲಿನದು ಆದರೆ ಮನೆಗೇ ಬರುವ ಸರ್ವಿಸ್ ಎಲ್ಲಿ ಇದೆಯೋ ಅಲ್ಲಿ. ದುಡ್ಡು ಕೊಟ್ಟು ವಾರಂಟಿ ಬೆಳೆಸಿಕೊಳ್ಳುವುದು ಮಿಕ್ಸರ್‌ಗೆ ಬೇಕಾಗಿಲ್ಲ.

"ಬಿಲ್ ಹಾಕಿದ್ರ ಜಿಎಸ್‌ಟಿ ಬೀಳ್ತದ್ರಿ, ಬೇಕೇನ್ರಿ?" ಅಂತ ಕೇಳುತ್ತಾರೆ. ಬೇಕು ಅನ್ನಿ. ಬಿಲ್ ಕೊಡದಿರುವುದು 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಅನುಚಿತ ವ್ಯಾಪಾರ. ಬಿಲ್‌ನಲ್ಲಿ ಬೇರೆ ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ ದೋಷ ಇರುವ ಸಾಮಾನನ್ನು ವಾಪಸ್ ತಗೊಳ್ಳಲು ನಿರಾಕರಿಸುವುದೂ ಅದೇ ಲೆಕ್ಕಕ್ಕೆ ಬರುತ್ತದೆ. ಐಎಸ್‌ಐ ಮುದ್ರೆ ಇದ್ದರೆ ಅದರ ಜೊತೆಗಿನ ಲೈಸೆನ್ಸ್ ನಂಬರನ್ನು ಆ ಮುದ್ರೆ ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ಅಸಲಿಯೋ ಅಲ್ಲವೋ ನೋಡಬಹುದು.

ಬಿಲ್ ಇಡುವುದಕ್ಕೂ ದಾರಿಗಳಿವೆ. ಬರೀ ಫೈಲ್‌ನಲ್ಲಿ ಇಟ್ಟರೆ ನಮ್ಮದಾದ ಹಾಗೆ ಅಕ್ಷರ ಹಾರುತ್ತವೆ. ಬರೀ ಫೋನಿನಲ್ಲಿ ಇಟ್ಟರೆ ಫೋನ್ ಬದಲಾದಾಗ ಹೋಗುತ್ತದೆ. ಈಗ ನಾನು ಅಂಗಡಿಯಲ್ಲೇ ನಿಂತು ಬಿಲ್, ತಾರೀಖು ಮುದ್ರೆ ಹಾಕಿಸಿದ ವಾರಂಟಿ ಕಾರ್ಡ್, ಮಷಿನ್ ಅಡಿಯ ಸೀರಿಯಲ್ ನಂಬರ್ ಮೂರರದೂ ಫೋಟೋ ತೆಗೆಯುತ್ತೇನೆ. ಮೂರನ್ನೂ ನನ್ನದೇ ಇಮೇಲ್‌ಗೆ ಕಳಿಸಿ, ವಾರಂಟಿ ಮುಗಿಯುವ ಒಂದು ತಿಂಗಳ ಮುಂಚಿನ ದಿನಕ್ಕೆ ಫೋನ್ ಕ್ಯಾಲೆಂಡರ್‌ನಲ್ಲಿ ನೆನಪು ಹಾಕುತ್ತೇನೆ. ಅವತ್ತು ಮಷಿನ್ ಓಡಿಸಿ ನೋಡಿ, ಸದ್ದು, ಸೋರಿಕೆ ಏನಿದ್ದರೂ ಆಗಲೇ ದೂರು ಕೊಡುವುದು. ಕಂಪನಿಯ ವೆಬ್‌ಸೈಟ್‌ನಲ್ಲಿ ನೋಂದಣಿ ಕೇಳಿದರೆ ಅದನ್ನೂ ಮಾಡಿ. ದೂರು ಕೊಟ್ಟಾಗ ದೂರಿನ ನಂಬರ್ ಬರೆದಿಟ್ಟುಕೊಳ್ಳಿ, ಮಷಿನ್ ಒಪ್ಪಿಸಿದರೆ ರಸೀದಿ ಇಸಿದುಕೊಳ್ಳಿ.

ಕಂಪನಿ ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೂ ಮಾತಾಡಬಹುದು. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕಂಪನಿ ಎಲ್ಲೇ ಇರಲಿ, ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ, ತೊಂದರೆ ಆದ ಎರಡು ವರ್ಷದೊಳಗೆ ಹಾಕಬೇಕು.

ಹಾಗಾದರೆ ಯಾರಿಗೆ ಯಾವುದು

ಶುಗರ್ ಇರುವ ಅವ್ವನ ಮನೆಗೆ ಸಣ್ಣ ಕೈ ಪ್ರೆಸ್, ಲಿಂಬಿಗೆ. ಉಳಿದ ಹಣ್ಣು ಹೆಚ್ಚಿ, ಡಾಕ್ಟರ್ ಹೇಳಿದ ಅಳತೆಯಲ್ಲಿ. ಎರಡು ವರ್ಷದ ಮಗುವಿನ ಅಮ್ಮನಿಗೆ ಹೊಸದೇನೂ ಬೇಡ, ಇದ್ದ ಮಿಕ್ಸರ್ ಸಾಕು. ಆರೇಳು ಜನ ದೊಡ್ಡವರಿದ್ದು ಯಾರಿಗೂ ಶುಗರ್ ಇಲ್ಲ, ದಿನಾ ತರಕಾರಿ ರಸ ಬೇಕು, ತೊಳೆಯಲು ಬೇಸರ ಇಲ್ಲ ಅಂದರೆ ಕೋಲ್ಡ್ ಪ್ರೆಸ್ ನೋಡಿ, ಆದರೆ ಸ್ಕ್ರೂ ಬೆಲೆ ಕೇಳಿದ ಮೇಲೆ. ಹಳ್ಳಿಯಲ್ಲಿ ವೋಲ್ಟೇಜ್ ಏರಿಳಿತ ಜಾಸ್ತಿ ಇದ್ದರೆ ಮೋಟರ್ ಇರುವ ದುಬಾರಿ ಮಷಿನ್ ಬೇಡ. ವೋಲ್ಟೇಜ್‌ನಿಂದ ಸುಟ್ಟಿದ್ದು ಅಂತ ಬರೆದು ವಾರಂಟಿ ನಿರಾಕರಿಸುವುದು ಸಾಮಾನ್ಯ.

ಯಾದಗಿರಿಯ ಅಣ್ಣನಿಗೆ ಒಂದೇ ಮಾತು. ಮನೆ ಬಳಕೆಯ ಮಿಕ್ಸರ್ ಅಂಗಡಿಯಲ್ಲಿ ಇಡಬೇಡಿ. ವ್ಯಾಪಾರಕ್ಕೆ ಬಳಸಿದರೆ ಮನೆ ಮಷಿನ್‌ನ ವಾರಂಟಿ ನಡೆಯುವುದಿಲ್ಲ ಅಂತ ಕಾರ್ಡಿನಲ್ಲೇ ಇರುತ್ತದೆ, ಅಷ್ಟೊತ್ತು ಓಡಿದರೆ ಮೋಟರ್ ತಾಳುವುದೂ ಇಲ್ಲ. ಮೋಸಂಬಿಗೆ ಒಂದು ದೊಡ್ಡ ಕೈ ಪ್ರೆಸ್, ಉಳಿದದ್ದಕ್ಕೆ ಅಂಗಡಿ ಬಳಕೆಯದೇ ಒಂದು ಮಿಕ್ಸರ್ ಇಟ್ಟು ಶುರು ಮಾಡಿ. ಬಿಲ್ ಅಂಗಡಿ ಹೆಸರಿನಲ್ಲೇ ಮಾಡಿಸಿ, ಜೊತೆಗೆ ಒಂದು ಜೋಡಿ ಬುಶ್, ವಾಷರ್ ಅವತ್ತೇ ತಂದಿಟ್ಟುಕೊಳ್ಳಿ.